ಗೊಂಬೆಮನೆಗೆ ಕೆಂಪು ಸೂರು

ಮಗಳು ಅಪ್ಪನೊಂದಿಗೆ ಮಾತು ಬಿಟ್ಟಿದ್ದಳು.

ತನ್ನ ಅಕ್ಕ ಚಿಕ್ಕಂದಿನಲ್ಲಿ ಆಡಿ ಬಿಟ್ಟಿದ್ದ ಹಳೆಯ ಮರದ ಗೊಂಬೆಮನೆಗೆ ಬಣ್ಣ ಬಳಿದುಕೊಡುತ್ತೇನೆಂದು ಅವನು ಮಾತು ಕೊಟ್ಟು ತಿಂಗಳುಗಳೇ ಆಗಿದ್ದವು. ಕೇಳಿದಾಗಲೆಲ್ಲ "ನಾಳೆ ಪುಟ್ಟಿ" ಎನ್ನುತ್ತಿದ್ದ. ಹೆಂಡತಿ ಅವನಿಗಿಟ್ಟ ಹೆಸರೇ ನಾಳೆಯಪ್ಪ. ಅವರಿದ್ದ ಮನೆಯ ಗೋಡೆಗಳು ಹಳೇ ಗಾಯದ ಹಾಗೆ ಹಕ್ಕಳೆ ಎದ್ದಿದ್ದರೂ "ಬಣ್ಣ ಬಳಿಯೋಕೆ ನನಗೆ ಬರಲ್ಲ, ಬಂದರೂ ರಜೆ ಎಲ್ಲಿದೆ?" ಎಂಬ ಎರಡು ನೆಪಗಳ ಮೇಲೆ ಅವನು ವರ್ಷಗಳನ್ನೇ ತಳ್ಳಿದ್ದ.

ಆದರೆ ಮಗಳ ಮೌನದ ಮುಂದೆ ಯಾವ ನೆಪವೂ ನಡೆಯಲಿಲ್ಲ. ಅವಳು ಶಾಲೆಯಿಂದ ಬರುವುದರೊಳಗೆ ಕೆಲಸ ಮುಗಿಸಿ, ಅವಳ ಬಾಯಲ್ಲಿ "ಅಪ್ಪಾ" ಅನ್ನಿಸಲೇಬೇಕೆಂದು ಹಠ ತೊಟ್ಟ. ಸಾಹೇಬರಿಗೆ ಫೋನ್ ಮಾಡಿ, ನರಳುತ್ತಾ "ಜ್ವರ ಸಾರ್" ಎಂದ.

ಗೊಂಬೆಮನೆಯನ್ನು ಅಂಗಳಕ್ಕೆ ತಂದು ಸ್ಯಾಂಡ್‌ಪೇಪರ್ ಹಿಡಿದದ್ದೇ ತಡ, ಪಕ್ಕದ ಮನೆಯ ಮೇಷ್ಟ್ರು ಪ್ರತ್ಯಕ್ಷರಾದರು.

"ಅಡ್ಡಡ್ಡ ಉಜ್ಜಬೇಡ್ರೀ! ಮರದ ಎಳೆ ಹೋದ ಹಾಗೇ ಉಜ್ಜಬೇಕು."

ಮಹಡಿ ಮನೆಯ ಅಜ್ಜಿ ಮೇಲಿನಿಂದ ಬಗ್ಗಿದರು. "ಗೋಡೆಗೆ ಅಷ್ಟು ಗಾಢ ನೀಲಿ ಬೇಡಪ್ಪಾ, ಕಣ್ಣಿಗೆ ಹೊಡೆಯುತ್ತೆ. ಬಿಳಿ ಬೆರೆಸು."

ಉಜ್ಜಿ, ಒರೆಸಿ, ಬೆರೆಸಿ, ಸಲಹೆಗಾರರಿಬ್ಬರ ಜಗಳ ಬಿಡಿಸಿ ಗೋಡೆ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಸೂರಿಗೆ ಕೆಂಪು ಬಳಿಯುತ್ತಿದ್ದಾಗ ಮೇಷ್ಟ್ರು, ಬೇಗ ಒಣಗಲೆಂದು, ಜಾಲರಿ ಕಳಚಿದ ತಮ್ಮ ಹಳೇ ಫ್ಯಾನನ್ನು ತಂದು ಹಚ್ಚಿದರು. ನಾಳೆಯಪ್ಪ ತಿರುಗಿದ, ಕುಂಚದ ತುದಿ ರೆಕ್ಕೆಗೆ ತಗುಲಿತು. ಅವನ ಮುಖ, ಕತ್ತು, ಕೈ, ಎಲ್ಲೆಲ್ಲೂ ಕೆಂಪು ಚುಕ್ಕೆ.

ಅದೇ ಹೊತ್ತಿಗೆ ಹಣ್ಣಿನ ಚೀಲ ಹಿಡಿದು ಸಾಹೇಬರು ಗೇಟು ತೆರೆದರು! ನಾಳೆಯಪ್ಪ ಕುಂಚವನ್ನು ಬೆನ್ನ ಹಿಂದೆ ಅಡಗಿಸಿದ. ಮೇಷ್ಟ್ರು ಗೊಂಬೆಮನೆಗೆ ಅಡ್ಡ ನಿಂತರು.

"ಏನ್ರೀ ಇದು, ಮುಖವೆಲ್ಲಾ?"

"ಬೆಳಗ್ಗೆ ಒಂದೂ ಇರಲಿಲ್ಲ ಸ್ವಾಮಿ," ಎಂದರು ಅಜ್ಜಿ ಮೇಲಿನಿಂದ. "ಈಗ ನೋಡಿದ್ರೆ ಮೈತುಂಬಾ!"

ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಾಹೇಬರು ಚೀಲವನ್ನು ಗೇಟಿಗೇ ನೇತುಹಾಕಿ ಹಿಂದೆ ಸರಿದರು. "ಸಿಡುಬು ಕಣ್ರೀ! ಒಂದು ವಾರ ಆಫೀಸಿನ ಕಡೆ ತಲೆ ಹಾಕಬೇಡಿ! ರಜೆ ವಿಷಯ ನಾನು ನೋಡ್ಕೋತೀನಿ!"

ಒಂದು ವಾರ ನಿದ್ದೆ! ನಾಳೆಯಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸಂಜೆ ಮಗಳು ಬಂದಳು. ಚೀಲ ಕೆಳಗಿಟ್ಟು ಗೊಂಬೆಮನೆಯ ಸುತ್ತ ಒಂದು ಸುತ್ತು ಬಂದಳು. ಪುಟ್ಟ ಬಾಗಿಲನ್ನು ಬೆರಳಿನಿಂದ ತೆರೆದು ಮುಚ್ಚಿದಳು.

"ಅಪ್ಪಾ! ಇದು ನಮ್ಮ ಮನೆಗಿಂತ ಚೆನ್ನಾಗಿದೆ!"

ಅವನ ಕಣ್ಣು ತುಂಬಿ ಬಂತು. ಅವಳ ಹಿಂದೆಯೇ ಕೆಲಸದಿಂದ ಬಂದ ಹೆಂಡತಿ ನಿಂತಿದ್ದು ಅವನಿಗೆ ಕಾಣಲೇ ಇಲ್ಲ. ಅವಳು ಗೊಂಬೆಮನೆ ನೋಡಿದಳು, ಹಕ್ಕಳೆ ಎದ್ದ ಗೋಡೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಬಣ್ಣ ಬಳಿಯೋಕೆ ಬರುತ್ತೆ ಅಂತಾಯ್ತು."

"ಏನೋ, ಸುಮಾರಾಗಿ... ಆದರೆ ರಜೆ ಎಲ್ಲಿ—"

"ಒಂದು ವಾರ ಇದೆಯಮ್ಮಾ!" ಅಜ್ಜಿ ಮೇಲಿನಿಂದ ಸಂಭ್ರಮದಿಂದ ಕೂಗಿದರು. "ನಾನೇ ಕಿವಿಯಾರೆ ಕೇಳಿದೆ!"

"ಫ್ಯಾನ್ ನಾನು ಕೊಡ್ತೀನಿ," ಎಂದರು ಮೇಷ್ಟ್ರು.

ಮಗಳು ಆಗಲೇ ಸ್ಯಾಂಡ್‌ಪೇಪರ್ ಎತ್ತಿಕೊಂಡು ಅವನ ಕೈ ಜಗ್ಗುತ್ತಿದ್ದಳು. "ಅಪ್ಪಾ, ನಾನೂ ಉಜ್ಜುತ್ತೀನಿ! ಯಾವಾಗ ಶುರು ಮಾಡೋಣ ಅಪ್ಪಾ?"

ಅಷ್ಟು ದಿನ ಕಾದ ಆ ಕರೆಗೆ ಇಲ್ಲವೆನ್ನುವುದು ಹೇಗೆ? ಅಭ್ಯಾಸಬಲದಿಂದ ಅವನ ಬಾಯಿಂದ ಹೊರಟೇಬಿಟ್ಟಿತು:

"ನಾಳೆ."

"ಸರಿ, ನಾಳೆಯೇ," ಎಂದಳು ಹೆಂಡತಿ.