ಮಂಚವೇರಿದ ಕೋಬಾಲ್ಟ್ ಅವರಿಗೆ

ಬ್ಯಾಟರಿಗಳ ಒಡಲಲ್ಲಿ ವಾಸವಾಗಿರುವ ಮಾನ್ಯ ಕೋಬಾಲ್ಟ್ ಲೋಹದವರೇ,

ನನಗೆ ಮದುವೆಯಾಯಿತು! ಆಗಿ ಎಂಟು ವಾರವಾದರೂ ಯಾರು ಸಿಕ್ಕರೂ ಮೊದಲು ಇದನ್ನೇ ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ತಡವಾದದ್ದಕ್ಕೆ ಕ್ಷಮೆಯಿರಲಿ. ತಾವು ಕ್ಷೇಮವೆಂದು, ಅದೂ ನನ್ನ ಮಂಚದ ಮೇಲೆ ಪರಮ ಕ್ಷೇಮವೆಂದು, ಕೋಲ್ಕತ್ತದಿಂದ ಫೋನು ಬಂದಿದೆ.

ನನ್ನ ಪತಿ ಋಷಿಕೇಶ್ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ, ಸತ್ತ ಬ್ಯಾಟರಿಗಳಿಂದ ತಮ್ಮನ್ನು ಹೊರತೆಗೆಯುವ ಸಂಶೋಧನೆ ಮಾಡುತ್ತಾರೆ. ಜಗತ್ತಿಗೆಲ್ಲ ಮೊಬೈಲ್ ಬೇಕು, ಲ್ಯಾಪ್‌ಟಾಪ್ ಬೇಕು, ತಾವು ಮಾತ್ರ ಹೆಚ್ಚಾಗಿ ಕಾಂಗೋ ಎಂಬ ಒಂದೇ ದೇಶದಿಂದ ಬರುವಿರಿ, ಅಲ್ಲಿ ಗಲಾಟೆಯಾದರೆ ಇಲ್ಲಿ ಎಲ್ಲರ ಫೋನೂ ಮೂಕ ಎಂದು ಅವರು ಹೆಣ್ಣು ನೋಡಲು ಬಂದ ದಿನವೇ ವಿವರಿಸಿದರು. ತಮಗಾಗಿ ಅಲ್ಲಿ ಪುಟ್ಟ ಮಕ್ಕಳು ಬಿಲಗಳಿಗೆ ಇಳಿಯುತ್ತಾರೆಂದು ಹೇಳಿ ಉಪ್ಪಿಟ್ಟು ಮುಟ್ಟದೆ ಕೂತರು. ನಾನು ಆಗಲೇ ಒಪ್ಪಿಬಿಟ್ಟೆ.

ಎಲ್ಲರ ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದಿದ್ದರೆ ನಮ್ಮದರಲ್ಲಿ ‘ಕೆಟ್ಟ ಮೊಬೈಲುಗಳನ್ನು ಮಾತ್ರ ಸ್ವೀಕರಿಸಲಾಗುವುದು’ ಎಂದಿತ್ತು. ಬಂಧುಗಳು ಅಕ್ಷತೆ ಹಾಕಿದ ಕೈಯಿಂದಲೇ ಮುನ್ನೂರ ಹನ್ನೆರಡು ಫೋನು ಕೊಟ್ಟರು. ಸೋದರಮಾವ ಹೊನ್ನಪ್ಪ ಹೊಸದೊಂದನ್ನು ತಂದಾಗ ಇವರು, “ಇದಿನ್ನೂ ಬದುಕಿದೆ ಮಾವ, ಸತ್ತ ಮೇಲೆ ಕೊಡಿ” ಎಂದು ಹಿಂತಿರುಗಿಸಿದರೆ, “ಅಲ್ಲೀವರೆಗೆ ನಾನಿರಬೇಕಲ್ಲಪ್ಪ!” ಎಂದರು ಅವರು.

ಲೇಕ್ ಮಾರ್ಕೆಟ್ ಬಳಿಯ ನಮ್ಮ ಕೆಳಮನೆಯಲ್ಲಿ ನಾನು ಸಂಸಾರ ಹೂಡಿದ್ದು ನಾಲ್ಕೇ ವಾರ. ಅಷ್ಟರಲ್ಲಿ ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಂತೆ. ಅತ್ತೆ ಇರುವುದು ದಾವಣಗೆರೆಯಲ್ಲಿ, ನಾನಿದ್ದದ್ದು ಕೋಲ್ಕತ್ತದಲ್ಲಿ, ಆದರೂ ಶಾಸ್ತ್ರವೆಂದು ನನ್ನನ್ನು ಬೆಂಗಳೂರಿನ ತವರಿಗೆ ಕಳಿಸಿದರು. ನಾನು ಹೊರಟ ವಾರವೇ ಮನೆಗೆ ಮಳೆನೀರು ನುಗ್ಗಿ, ಆ ಸತ್ತ ಫೋನುಗಳ ಮೂಟೆಯೊಳಗಿದ್ದ ತಾವು ನೆನೆಯಬಾರದೆಂದು ಇವರು ತಮ್ಮನ್ನು ಮಂಚಕ್ಕೇರಿಸಿ, ಸ್ವತಃ ಇವರು ಮಹಡಿಗೆ ಹೋಗಿ ಮನೆಯೊಡತಿ ಮಾಶಿಮಾರ ವರಾಂಡದಲ್ಲಿ ಮಲಗುತ್ತಿದ್ದಾರೆ. ನೀರಿಳಿದು ಹತ್ತು ದಿನವಾಯಿತು, ತಾವಿಳಿದಿಲ್ಲ ಎಂದು ಮಾಶಿಮಾ ಫೋನಿನಲ್ಲಿ ನಕ್ಕೂ ನಕ್ಕೂ ಹೇಳಿದರು.

ತಮ್ಮ ಘನತೆಯ ಬಗ್ಗೆ ಎರಡು ಮಾತಿಲ್ಲ; ನನ್ನ ಪತಿ ನನಗಿಂತ ಮೊದಲು ಒಲಿದದ್ದು ತಮಗೇ. ಆದ್ದರಿಂದ ವಿನಂತಿಸುವುದೇನೆಂದರೆ, ತಾವು ಗರಿಯಾಹಾಟಿನ ಫುಟ್‌ಪಾತಿನಲ್ಲಿ ಸೇಫ್ಟಿ ಪಿನ್ನಿನಂತೆ ಡಜನ್ ಲೆಕ್ಕದಲ್ಲಿ ದೊರೆಯಬೇಕು, ಇಲ್ಲವೇ ಮಳೆಗಾಲದ ಇಲಿಶ್ ಮೀನಿನಂತೆ ಗಂಗೆಯಲ್ಲಿ ತಾವಾಗಿಯೇ ಈಜಿ ಬರಬೇಕು. ಆಗ ಯಾವ ಮಗುವೂ ಬಿಲಕ್ಕಿಳಿಯಬೇಕಿಲ್ಲ, ಯಾವ ಗಂಡನೂ ಮಹಡಿ ಹತ್ತಬೇಕಿಲ್ಲ. ಅದಾಗದಿದ್ದರೆ, ನನ್ನ ರೇಷ್ಮೆ ಸೀರೆಗಳ ಬೀರುವನ್ನೇ ತಮಗೆ ಬಿಟ್ಟುಕೊಡುತ್ತೇನೆ, ಸೀರೆಗಳು ಟ್ರಂಕಿನಲ್ಲಿರಲಿ. ಮಂಚ ಮಾತ್ರ ಕೊಡಲಾರೆ.

ಮಂಚ ತೆರವಾಗುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಶ್ರೀರಕ್ಷಾ ಋಷಿಕೇಶ್

ಮರೆತ ಮಾತು: ಆಷಾಢ ಕಳೆದ ಮೇಲೆ ನಾನು ಬರುತ್ತಿದ್ದೇನೆ, ಜೊತೆಗೆ ಅಮ್ಮನೂ ಬರುತ್ತಿದ್ದಾರೆ. ಹಳೇ ಸಾಮಾನು ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಆಗಸ್ಟ್ ನಾಲ್ಕು, ಶ್ರಾವಣ ಸೋಮವಾರ, ಯಶವಂತಪುರ–ಹೌರಾ ಎಕ್ಸ್‌ಪ್ರೆಸ್.