ದಮ್ಮಡಿ ಅಕ್ಕಾರ ಪರಂಪರೆ

ಪರದೇಶದ ಮೆಕಿನ್ನಿ ಊರಿನ ನಮ್ಮ ಮನೆಯ ಬೇಲಿಯಾಚೆ ಒಬ್ಬರು ದಮ್ಮಡಿ ಹಿಡಿದರು, ಈಚೆ ಧಾರವಾಡದಿಂದ ನಮ್ಮತ್ತೆ ಬಂದಿಳಿದರು. ಅಂದಿನಿಂದ ನಗುವುದಕ್ಕೆ ಅಂತ ನಾವು ಟಿವಿ ಹಾಕುವುದನ್ನೇ ಬಿಟ್ಟಿದ್ದೇವೆ.

೧. ಬೋರ್ಡು

ಬೇಲಿಯಾಚೆಯ ಆ ಮಹಿಳೆ ನಿವೃತ್ತ ನರ್ಸ್. ಮುತ್ತಜ್ಜಿ ಐರ್ಲೆಂಡಿನವರಂತೆ. ಅಲ್ಲಿಯ ಹಳೆಯ ಕೆಲ್ಟಿಕ್ ಜನರ ಹಾದಿಯಲ್ಲಿ, ತಟ್ಟೆಯಂಥ ಚರ್ಮವಾದ್ಯ ದಮ್ಮಡಿಯನ್ನು ಬಾರಿಸಿ ನೊಂದವರನ್ನು ಸಮಾಧಾನ ಮಾಡುವ ವಿದ್ಯೆ ಕಲಿತು, ಬಾಗಿಲಿಗೆ 'ಕೆಲ್ಟಿಕ್ ಶಾಮನ್', ಅಂದರೆ ದೈವದೊಡನೆ ಮಾತಾಡಿ ವಾಸಿ ಮಾಡುವ ಗುರು, ಅಂತ ಬೋರ್ಡು ಹಾಕಿದರು. ಅದರ ಫೋಟೊ ನೋಡಿ ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬ ಜಾಡಿಸಿದ: "ಶಾಮನ್ ಅನ್ನೋದು ಸೈಬೀರಿಯಾದವರ ಮಾತು. ನಿಮಗೆ ಆ ಬಿರುದು ಕೊಟ್ಟವರು ಯಾರು?"

ಪಾಪ, ಬೋರ್ಡು ಗ್ಯಾರೇಜು ಸೇರಿತು. "ನಾನು ನಕಲಿ ಇರಬಹುದಾ? ನಿಮ್ಮಲ್ಲಿ ಗುರು ಆಗೋದು ಹೇಗೆ?" ಅಂತ ಕೇಳುವಾಗ ಅವರ ಕಣ್ಣು ತುಂಬಿತ್ತು. ನಗಿಸೋಣ ಅಂತ, "ಬಹಳ ಸುಲಭ, ಮೊದಲು ಒಂದು ಮೈಕು ಬೇಕು" ಅಂದೆ.

ಅವರು ಗಂಭೀರವಾಗಿ ಕೇಳಿದರು, "ಬ್ಲೂಟೂತ್ ಇರೋದಾ?"

೨. ಮಠ

ಅತ್ತೆಗೆ ಅವರ ಪರಿಚಯ ಮಾಡಿಸಿದೆ. ಅತ್ತೆ ಭಕ್ತಿಯಿಂದ ಸೆರಗು ಹೊದ್ದು, "ಅವರದು ಯಾವ ಮಠ ಕೇಳವ್ವಾ" ಅಂದರು.

ಎಲ್ಲಿ ಕಲಿತಿರಿ ಅಂತ ಕೇಳಿದೆ. "ಆಸ್ಟಿನ್‌ನಲ್ಲಿ. ಶನಿವಾರ, ಭಾನುವಾರ" ಅಂದರು.

"ಉಳಿದ ದಿವಸ ಅವರ ಸ್ವಾಮಿಗೋಳು ಏನ್ ಮಾಡ್ತಾರ?"

"ರಿಯಲ್ ಎಸ್ಟೇಟ್ ವ್ಯವಹಾರ ಅಂತೆ ಅತ್ತೆ."

ಅತ್ತೆ ತಲೆದೂಗಿದರು. "ಹಂಗಾದ್ರ ಖರೇ ಮಠಾನ ಬಿಡು."

೩. ಬಿರುದು

ಒಂದು ಮಧ್ಯಾಹ್ನ ನನ್ನ ಕೂಸು ಅಳು ನಿಲ್ಲಿಸಲೇ ಇಲ್ಲ. "ದೃಷ್ಟಿ ಆಗೇತಿ" ಅಂತ ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಾದ ತವೆಗೆ ಹಾಕಿದರು. ಹೊಗೆ ಎದ್ದು ಚಾವಣಿಯ ಬೆಂಕಿ ಅಲಾರಂ ಬಾಯಿಬಡಿದುಕೊಂಡಿತು. ಕೂಸಿನ ಅಳು ಇಮ್ಮಡಿಯಾಯಿತು. ಪಕ್ಕದ ಮನೆಯವರು ಬೆಂಕಿ ಅಂದುಕೊಂಡು ಓಡಿ ಬಂದರು. ಗಾಬರಿಯಲ್ಲಿ ಕೈಗೆ ಸಿಕ್ಕ ದಮ್ಮಡಿಯನ್ನೇ ಹಿಡಿದು ತಂದಿದ್ದರು. ಅದರಲ್ಲೇ ಅಲಾರಂಗೆ ಗಾಳಿ ಬೀಸಿ ಅದನ್ನು ಸುಮ್ಮನಾಗಿಸಿದರು. ಆಮೇಲೆ ನೆಲದ ಮೇಲೆ ಕೂತು, ತೊಟ್ಟಿಲ ಪಕ್ಕ ಮೆಲ್ಲಗೆ ಬಾರಿಸತೊಡಗಿದರು. ಕೂಸು ಕಣ್ಣರಳಿಸಿ ನೋಡಿತು, ಹಾಗೇ ನಿದ್ದೆ ಹೋಯಿತು.

"ನಾನೇನೂ ಮಾಡಲಿಲ್ಲ, ದಣಿದಿತ್ತು ಅಷ್ಟೆ" ಅಂದರು ಅವರು. ಅತ್ತೆ ಕೇಳಬೇಕಲ್ಲ! ಅವರ ಹಣೆಗೆ ಕುಂಕುಮ ಇಟ್ಟು, ಕೈಗೆ ಕುಪ್ಪಸದ ಖಣ ಕೊಟ್ಟು, "ದಮ್ಮಡಿ ಅಕ್ಕಾರ, ದಿನಾ ಬರ್ರಿ" ಅಂದರು.

"ಏನಂದರು?"

"ನಿಮಗೆ ಹೆಸರಿಟ್ಟರು. ದಮ್ಮಡಿ ಬಾರಿಸುವ ನಮ್ಮಕ್ಕ ಅಂತ."

ಅವರು ಖಣವನ್ನು ಎದೆಗೊತ್ತಿಕೊಂಡು ಬಿಕ್ಕಿದರು. ನನಗೂ ತಡೆಯಲಾಗಲಿಲ್ಲ.

ಮರುದಿನ ಬೋರ್ಡು ಮತ್ತೆ ಬಾಗಿಲಿಗೆ ಬಂತು. ಅದರ ಮೇಲೆ ನನ್ನ ಕೈಯಿಂದ ಬರೆಸಿಕೊಂಡ ಕನ್ನಡ ಅಕ್ಷರ: 'ದಮ್ಮಡಿ ಅಕ್ಕಾರ'. ಫೋಟೊ ನೋಡಿದ್ದೇ ಇಂಟರ್ನೆಟ್ಟಿನ ಆ ಮಹಾಶಯ ಮತ್ತೆ ಹಾಜರು: "ಇದು ಯಾವ ಪರಂಪರೆ? ಈ ಬಿರುದು ಕೊಟ್ಟವರು ಯಾರು?"

ಈ ಸಲ ಅವರು ಅಳುಕದೆ ಉತ್ತರ ಬರೆದರು: "ಧಾರವಾಡ ಪರಂಪರೆ. ಬಿರುದು ಕೊಟ್ಟವರು ಪಕ್ಕದ ಮನೆಯಲ್ಲೇ ಇದ್ದಾರೆ. ಅನುಮಾನವಿದ್ದರೆ ಬಂದು ಕೇಳಿ."

ಆತ ಇನ್ನೂ ಬಂದಿಲ್ಲ. ಅತ್ತೆ ಮಾತ್ರ ಮೆಣಸಿನಕಾಯಿ ಎತ್ತಿಟ್ಟುಕೊಂಡು ಕಾಯುತ್ತಿದ್ದಾರೆ.