ಉಯ್ಯಾಲೆ ಬರುವ ಮಾರ್ಚ್

ಸರ್ಕಾರಿ ಅನುದಾನದಲ್ಲಿ ಪಾರ್ಕು, ಆಟದ ಮೈದಾನ ಮಾಡಿಸುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗುವ ಮನಸ್ಸಿಗೆ ಮಾತ್ರ ಬರ. ನಾನು ಊರಿನ ರಸ್ತೆ, ಚರಂಡಿ, ಪಾರ್ಕು ನೋಡಿಕೊಳ್ಳುವ ಕಚೇರಿಯಲ್ಲಿ ಕಿರಿಯ ಎಂಜಿನಿಯರು. ತಲೆ ಪೂರ್ತಿ ಬೆಳ್ಳಗಾಯಿತು, ಮೊಣಕಾಲು ನೋವು ಶುರುವಾಯಿತು, ಆ 'ಕಿರಿಯ' ಮಾತ್ರ ಹಾಗೇ ಉಳಿದಿದೆ. ಶಿಡ್ಲಘಟ್ಟದಲ್ಲಿದ್ದಾಗ ಒಂದೇ ಒಂದು ಉಯ್ಯಾಲೆಯ ಹಿಂದೆ ಮೂರು ಊರು ಸುತ್ತಿದೆ. ಅದನ್ನೇ ಹೇಳುತ್ತೇನೆ. ನಗು ಬಂದರೆ ನಗಿ, ನನಗೇನೂ ಬೇಜಾರಿಲ್ಲ.

ಗುಂಡಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಒಂದು ಗಲ್ಲಿ. ಮನೆಯ ಮುಂಭಾಗದಲ್ಲೇ ನೂಲು ತೆಗೆಯುವ ಶೆಡ್ಡು, ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯುವ ಬಿಸಿನೀರು, ಆ ನೀರಿನ ಪಕ್ಕದಲ್ಲೇ ಮಕ್ಕಳ ಆಟ. ಆಡಲು ಬೇರೆ ಜಾಗವಿಲ್ಲ. ಗಲ್ಲಿಯ ಕೊನೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವೇನೋ ಇತ್ತು, ಅದರ ತುಂಬ ಕಲ್ಲು, ಜಾಲಿ, ಒಡೆದ ಗಾಜು.

ಅಲ್ಲಿ ಗುದ್ದಲಿ ಪೂಜೆಗೆ ಮಾತ್ರ ಕೊರತೆ ಇರಲಿಲ್ಲ. ಹೊಸದಾಗಿ ಗೆದ್ದವರು ಬಂದು ಒಂದು ಪೂಜೆ ಮಾಡುತ್ತಿದ್ದರು. ಅವರು ಸೋತ ಮೇಲೆ ಅವರನ್ನು ಸೋಲಿಸಿದವರು ಬಂದು ಇನ್ನೊಂದು ಪೂಜೆ ಮಾಡುತ್ತಿದ್ದರು. ವಾಸ್ತು ಪ್ರಕಾರ ಎಲ್ಲರೂ ಅಗೆಯುವುದು ಈಶಾನ್ಯ ಮೂಲೆಯಲ್ಲೇ. ನಾನು ಆ ಊರಿಗೆ ವರ್ಗವಾಗಿ ಬರುವಷ್ಟರಲ್ಲಿ ಆ ಮೂಲೆಯಲ್ಲಿ ಸೊಂಟದವರೆಗೆ ಇಳಿಯುವಂಥ ಗುಂಡಿ ಬಿದ್ದಿತ್ತು.

ನನ್ನ ಕಾಲದಲ್ಲಿ ಗೆದ್ದ ಸಾಹೇಬರ ಪೂಜೆಯ ದಿನ ಪುರೋಹಿತರು ಬೆಳಿಗ್ಗೆಯೇ ಬಂದು ಗುಂಡಿ ಇಣುಕಿ ನೋಡಿದರು.

"ಇಂಜಿನಿಯರೇ, ಇದ್ರಲ್ಲಿ ಸಾಹೇಬ್ರು ಗುದ್ದಲಿ ಹಾಕಕ್ಕಾಗಲ್ಲ. ಹಾಕಕ್ಕೆ ಹೋದ್ರೆ ಅವ್ರೇ ಒಳಗೆ ಹೋಗ್ತಾರೆ."

"ಬೇರೆ ಕಡೆ ಅಗೆಸಣ ಸ್ವಾಮಿ."

"ಈಶಾನ್ಯ ಬಿಟ್ಟು ಹೆಂಗ್ ಬರಕ್ಕಾಗುತ್ತೆ? ಮಣ್ಣು ತುಂಬ್ಸಿ, ಆಮೇಲೆ ಅಗೆಯಣ."

ಮೇಲೂರಿನ ಕಡೆಯಿಂದ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದೆ. ತುಂಬಿಸಿದೆವು, ನೀರು ಹಾಕಿ ತುಳಿಸಿದೆವು. ಸಾಹೇಬರು ಬಂದು ಬೆಳ್ಳಿ ಬಣ್ಣ ಬಳಿದ ಗುದ್ದಲಿಯಿಂದ ಕೆರೆದರು, ಜನ ಚಪ್ಪಾಳೆ ತಟ್ಟಿದರು. ಮುಖಂಡರೆಲ್ಲ ಒಬ್ಬೊಬ್ಬರೇ ಗುದ್ದಲಿ ಹಿಡಿದು ಫೋಟೊ ತೆಗೆಸಿಕೊಳ್ಳುವಷ್ಟರಲ್ಲಿ ತಂದ ಮಣ್ಣೆಲ್ಲ ಮತ್ತೆ ಹೊರಗೆ ಬಿದ್ದಿತ್ತು.

ಕಾರುಗಳು ಹೋದ ಮೇಲೆ ಒಂದು ಹುಡುಗಿ ಹತ್ತಿರ ಬಂದಳು. ನೂಲು ತೆಗೆಯುವವರ ಮಗಳು, ನಾಲ್ಕನೇ ಕ್ಲಾಸು. ಬಲಗೈ ಮೇಲೆ ಮೊಣಕೈವರೆಗೆ ಬಿಸಿನೀರು ಬಿದ್ದ ಕಲೆ. ಅವಳ ತಾಯಿ ಬಾಗಿಲಲ್ಲೇ ನಿಂತು, "ಸಾರ್, ಮಕ್ಳು ಆ ನೀರಿನ ಹತ್ರಾನೇ ಆಡ್ತಾವೆ. ನಾನು ನೂಲು ನೋಡ್ಲಾ, ಮಕ್ಳನ್ನ ನೋಡ್ಲಾ?" ಅಂದರು. ನನ್ನ ಕೈಯಲ್ಲಿದ್ದ ಪೂಜೆಯ ಲಾಡನ್ನು ಹುಡುಗಿಗೆ ಕೊಟ್ಟೆ.

"ಸಾರ್, ಉಯ್ಯಾಲೆ ಯಾವಾಗ ಬರುತ್ತೆ?" ಅಂದಳು ಹುಡುಗಿ.

"ಮಾರ್ಚ್‌ಗೆ ಬರುತ್ತೆ ಕಣಮ್ಮ."

ಅವಳು ಗುಂಡಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಯಾವ ಮಾರ್ಚ್ ಸಾರ್?"

ಮೊದಲಿನ ಫೋಟೊ

ಅನುದಾನ ಮಂಜೂರಾಗಬೇಕಾದರೆ ಕಾಮಗಾರಿಗೆ ಮೊದಲಿನ ಫೋಟೊ ಬೇಕು. ಪೊದೆ ತೆಗೆಸಿ, ಗಾಜು ಆರಿಸಿ, ಫೋನಿನಲ್ಲಿ ಫೋಟೊ ಹಿಡಿದು ಚಿಕ್ಕಬಳ್ಳಾಪುರದ ದೊಡ್ಡ ಕಚೇರಿಗೆ ಹೋದೆ. ಅಲ್ಲಿ ನಮ್ಮ ಕಡತ ನೋಡುತ್ತಿದ್ದವರು ಬಹಳ ಶಿಸ್ತಿನ ಮನುಷ್ಯ. ಫೋಟೊ ಹಿಗ್ಗಿಸಿ ನೋಡಿದರು.

"ಏನ್ರೀ ಇದು, ಮಕ್ಳು ಆಗ್ಲೇ ಆಡ್ತಿದಾರಲ್ಲ?"

ಹೌದು, ಪೊದೆ ತೆಗೆದ ಕೂಡಲೇ ಗಲ್ಲಿಯ ಮಕ್ಕಳೆಲ್ಲ ನುಗ್ಗಿದ್ದರು. ಎಷ್ಟು ವರ್ಷದ ಹಸಿವೋ ಪಾಪ.

"ಆಡ್ತಿದಾರೆ ಅಂದ್ಮೇಲೆ ಅದು ಆಗ್ಲೇ ಆಟದ ಮೈದಾನ. ಇರೋ ಮೈದಾನಕ್ಕೆ ಇನ್ನೊಂದ್ ಸಲ ದುಡ್ಡು ಕೊಟ್ರೆ ಆಡಿಟ್‌ನವ್ರು ನನ್ನ ಸುಮ್ನೆ ಬಿಡ್ತಾರಾ?"

ವಾಪಸ್ ಬಂದೆ. ಮಕ್ಕಳನ್ನೆಲ್ಲ ಗದರಿಸಿ ಓಡಿಸಿ, ಖಾಲಿ ಜಾಗದ ಫೋಟೊ ತೆಗೆದೆ. ಆಟದ ಮೈದಾನ ಆಗಬೇಕೆಂದು ಮಕ್ಕಳನ್ನು ಓಡಿಸಿದ ದಿನ ಅದು. ಮಾರನೇ ವಾರ ಮತ್ತೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

"ಇದ್ರಲ್ಲಿ ಒಂದ್ ನರಪಿಳ್ಳೇನೂ ಇಲ್ವಲ್ರೀ. ಮಕ್ಳೇ ಇಲ್ದಿರೋ ಜಾಗಕ್ಕೆ ಉಯ್ಯಾಲೆ ಯಾಕೆ?"

ಎರಡೂ ಫೋಟೊ ಒಂದಾದ ಮೇಲೊಂದು ತೋರಿಸಿದೆ. ಅವರಿಗೇ ಕನಿಕರ ಹುಟ್ಟಿ ಉಪಾಯ ಹೇಳಿದರು. ಮಕ್ಕಳು ಇರಬೇಕು, ಆದರೆ ಜಾಗದ ಒಳಗಿರಬಾರದು.

ಮೂರನೇ ಫೋಟೊದಲ್ಲಿ ಮಕ್ಕಳೆಲ್ಲ ಬೇಲಿಯ ಆಚೆ ಸಾಲಾಗಿ ನಿಂತು ಖಾಲಿ ಜಾಗ ನೋಡುತ್ತಿದ್ದರು. ಸ್ವಲ್ಪ ಸಪ್ಪೆ ಮುಖ ಮಾಡ್ಕೊಳ್ರಪ್ಪ ಅಂದರೆ ಎಲ್ಲವೂ ಕಿಸಕ್ಕನೆ ನಕ್ಕವು. ಆ ಹುಡುಗಿ ಒಬ್ಬಳು ನಗಲಿಲ್ಲ. ಬೇಲಿಯ ತಂತಿ ಹಿಡಿದು ನಿಂತ ಅವಳ ಮುಖ ಯಾರೂ ಹೇಳಿಕೊಟ್ಟದ್ದಲ್ಲ.

ದೊಡ್ಡ ಕಚೇರಿಯವರಿಗೆ ಫೋಟೊ ತುಂಬ ಹಿಡಿಸಿತು.

"ನೋಡಿ, ಇದು ಫೋಟೊ ಅಂದ್ರೆ. ಮಂಜೂರಾತಿ ಬರೋವರ್ಗೂ ಹಿಂಗೇ ನಿಂತಿರಕ್ಕೆ ಹೇಳಿ."

ಕೂಲಿ

ಮಂಜೂರಾತಿ ಬಂತು. ಮಾರ್ಚ್ ಮುಗಿಯುವ ಹೊತ್ತಿಗೆ ಬಂತು. ಮಾರ್ಚ್ ದಾಟಿದರೆ ಅನುದಾನ ವಾಪಸ್. ಹಾಗಾಗಿ ವರ್ಷವಿಡೀ ಮಲಗಿದ್ದ ಪಾರ್ಕುಗಳೆಲ್ಲ ಆ ವಾರ ಒಟ್ಟಿಗೆ ಎದ್ದು ಕೂತವು. ಎಲ್ಲ ಊರುಗಳಿಗೂ ಸಾಮಾನು ಪೂರೈಸುವವನು ಒಬ್ಬನೇ ಗುತ್ತಿಗೆದಾರ, ಚಿಂತಾಮಣಿಯವನು. ಅವನ ಬಾಯಲ್ಲಿ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಅಂತ ಅವನಿಗೂ ಗೊತ್ತಿರಲಿಲ್ಲ.

ನಾನು ತಾಲ್ಲೂಕಿನ ಸಭೆಯಲ್ಲಿದ್ದಾಗ ಲಾರಿ ಬಂದು ಸಾಮಾನು ಇಳಿಸಿ ಹೋಗಿತ್ತು. ಹೋಗಿ ನೋಡಿದರೆ ಉಯ್ಯಾಲೆಯ ಸುಳಿವೇ ಇಲ್ಲ. ಹಿರಿಯ ನಾಗರಿಕರು ವ್ಯಾಯಾಮ ಮಾಡುವ ಹಳದಿ, ನೀಲಿ ಬಣ್ಣದ ಕಬ್ಬಿಣದ ಯಂತ್ರಗಳು ನಿಂತಿವೆ. ಕಾಂಕ್ರೀಟು ಹಾಕಿ ಗಟ್ಟಿ ಮಾಡಿಯೂ ಆಗಿದೆ. ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸುವ ಒಂದು ದೊಡ್ಡ ಚಕ್ರ ನಟ್ಟನಡುವೆ ಇತ್ತು.

ಗುತ್ತಿಗೆದಾರನಿಗೆ ಫೋನ್ ಮಾಡಿದೆ.

"ಉಯ್ಯಾಲೆ ಗೌರಿಬಿದನೂರಲ್ಲಿ ಇಳ್ದೋಯ್ತು ಸಾರ್. ಡ್ರೈವರ್ ತಪ್ಪು. ಏಂ ಚೇಸೇದಿ, ಏನ್ಮಾಡೋದು ಸಾರ್, ಮಾರ್ಚಿ ಕದಾ, ಅಲ್ವಾ? ಎಲ್ಲೋ ಒಂದ್ಕಡೆ ಇಳ್ದಿದೆ ಅಂತ ಸಂತೋಷ ಪಡಿ."

ಗಲ್ಲಿಯ ಹೆಂಗಸರು ಆಗಲೇ ಯಂತ್ರಗಳ ಮೇಲೆ ಒಗೆದ ಬಟ್ಟೆ ಹರವಿದ್ದರು. ಆ ಗಲ್ಲಿಯಲ್ಲಿ ಹುಡುಗತನದಿಂದ ನೂಲಿನ ಚರಕ ತಿರುಗಿಸುತ್ತಾ ಬಂದ ಒಬ್ಬ ಮುದುಕ ಇದ್ದ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ. ಅವನು ಆ ದೊಡ್ಡ ಚಕ್ರವನ್ನು ಮೇಲಿನಿಂದ ಕೆಳಗೆ ನೋಡಿದ, ಹಿಡಿದು ಒಂದು ಸುತ್ತು ತಿರುಗಿಸಿದ, ಹಿಂದೆ ಹೋಗಿ ಬಗ್ಗಿ ಹುಡುಕಿದ.

"ಸಾರ್, ನೂಲು ಯಾವ ಕಡೆಯಿಂದ ಬರುತ್ತೆ?"

"ನೂಲು ಬರಲ್ಲ ಯಜಮಾನ್ರೇ. ಸುಮ್ನೆ ತಿರುಗ್ಸೋದು. ತೋಳಿಗೆ ಒಳ್ಳೇದಂತೆ."

ಅವನು ತನ್ನ ತೋಳು ನೋಡಿಕೊಂಡ. ನರ ಎದ್ದು, ಭುಜ ಒಂದು ಕಡೆಗೆ ವಾಲಿತ್ತು. ಚಕ್ರದಿಂದ ಕೈ ತೆಗೆದು ಕೇಳಿದ, "ಹಂಗಾದ್ರೆ ಕೂಲಿ ಯಾರು ಕೊಡ್ತಾರೆ?"

ಸರದಿ

ಉಯ್ಯಾಲೆ ತರಲು ಗೌರಿಬಿದನೂರಿಗೆ ನಾನೇ ಹೋದೆ. ಬೆಳಗಿನ ವಾಕಿಂಗಿಗೆ ಬರುವ ಹಿರಿಯರ ಸಂಘವೊಂದು ವ್ಯಾಯಾಮದ ಯಂತ್ರ ಬೇಕೆಂದು ಅರ್ಜಿ ಹಾಕಿತ್ತು. ಅವರ ಪಾರ್ಕಿನಲ್ಲಿ ನಮ್ಮ ಉಯ್ಯಾಲೆ. ಸಂಘದ ಅಧ್ಯಕ್ಷೆ ನಿವೃತ್ತ ಹೈಸ್ಕೂಲ್ ಮೇಡಂ ಒಬ್ಬರು. ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ತೂಗಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಉಳಿದವರು ವಿದುರಾಶ್ವತ್ಥದಲ್ಲಿ ದೇವರ ದರ್ಶನಕ್ಕೆ ನಿಂತ ಹಾಗೆ ಶಾಂತವಾಗಿ ಸಾಲು ನಿಂತಿದ್ದರು.

ವಿಷಯ ಹೇಳಿದೆ. ಎಲ್ಲರ ಮುಖ ಇಳಿಯಿತು.

"ಯಂತ್ರ ನಮಗೆ ಬೇಡಪ್ಪ, ನಿಮ್ಮಲ್ಲೇ ಇರ್ಲಿ" ಅಂದರು ಒಬ್ಬರು.

"ಇದ್ರಲ್ಲಿ ಕೂತ್ರೆ ನನಗೆ ಬಿ.ಪಿ. ಕಡಿಮೆ ಆಗುತ್ತೆ" ಅಂದರು ಇನ್ನೊಬ್ಬರು.

ಬೇರೆ ದಾರಿ ಕಾಣದೆ ಆ ಹುಡುಗಿಯ ಕೈ ಮೇಲಿನ ಕಲೆಯ ವಿಷಯ ಹೇಳಿದೆ. ಮೇಡಂ ಕಾಲು ನೆಲಕ್ಕೆ ಊರಿ ಉಯ್ಯಾಲೆ ನಿಲ್ಲಿಸಿದರು. ಇಳಿದು, ಸೆರಗು ಸರಿ ಮಾಡಿಕೊಂಡರು.

"ಬಿಚ್ಚಿಸ್ಕೊಂಡು ಹೋಗಿ. ಆದ್ರೆ ಆ ಮಗು ಇದ್ರಲ್ಲಿ ಕೂತಿರೋ ಫೋಟೊ ನನಗೆ ಕಳಿಸ್ಬೇಕು. ಮರೀಬೇಡಿ."

ಕೆಲಸದವರು ನಟ್ಟು ಬಿಚ್ಚತೊಡಗಿದರು. ಸಾಲಿನಲ್ಲಿ ಮೊದಲು ನಿಂತಿದ್ದ ಮಫ್ಲರಿನ ಅಜ್ಜ ಅಲ್ಲಾಡಲಿಲ್ಲ. ಕಣ್ಣಲ್ಲಿದ್ದ ನೀರು ದುಃಖಕ್ಕೋ ಬೆಳಗಿನ ಗಾಳಿಗೋ ಹೇಳಲಾರೆ.

"ನನ್ನ ಜೀವನವೆಲ್ಲಾ ಹಿಂಗೇ ಕಣಪ್ಪ. ಪ್ರಮೋಷನ್ನೂ ಹಿಂಗೇ, ನನ್ನ ಸರದಿ ಬಂದಾಗ್ಲೇ ಕೈತಪ್ಪಿತ್ತು."

ಬೀಗ

ಯಂತ್ರಗಳು ಗೌರಿಬಿದನೂರಿಗೆ ಹೋದವು, ಉಯ್ಯಾಲೆ ಶಿಡ್ಲಘಟ್ಟಕ್ಕೆ ಬಂತು. ನಿಲ್ಲಿಸಿದೆವು, ಬಣ್ಣ ಹೊಡೆದೆವು, ಸುತ್ತ ಗ್ರಿಲ್ಲು ಹಾಕಿದೆವು. ಮಕ್ಕಳು ಗ್ರಿಲ್ಲಿಗೆ ಮೂಗು ಒತ್ತಿ ನಿಂತರು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಉದ್ಘಾಟನೆ ಮಾಡುವಂತಿಲ್ಲ. ಉದ್ಘಾಟನೆ ಆಗದ್ದನ್ನು ಬಳಸುವಂತಿಲ್ಲ. ಉಯ್ಯಾಲೆಗೆ ಗೋಣಿಚೀಲ ಸುತ್ತಿ, ಸರಪಳಿ ಬಿಗಿದು, ಗೇಟಿಗೆ ಬೀಗ ಹಾಕಲು ಮೇಲಿನಿಂದ ಆದೇಶ ಬಂತು. ಬೀಗದ ಕೈಯನ್ನೂ ಮೇಲಿನವರೇ ಇಟ್ಟುಕೊಂಡರು. ಮಕ್ಕಳು ಒಳಗೆ ಬರದ ಹಾಗೆ ನೋಡಿಕೊಳ್ಳಲು ಆಟದ ಮೈದಾನಕ್ಕೆ ಒಬ್ಬ ಕಾವಲುಗಾರನನ್ನೂ ಹಾಕಿದರು.

ಒಂದು ಸಂಜೆ ಹುಡುಗಿ ಗ್ರಿಲ್ಲಿನ ಹತ್ತಿರ ಸಿಕ್ಕಳು. ಸ್ವಲ್ಪ ಉದ್ದವಾಗಿದ್ದಳು.

"ಯಾಕೆ ಸಾರ್ ಕಟ್ಟಿಹಾಕಿದೀರ?"

"ಎಲೆಕ್ಷನ್ ಕಣಮ್ಮ. ಮುಗಿಯೋವರ್ಗೂ ಮುಟ್ಟೋ ಹಂಗಿಲ್ಲ."

ಅವಳು ಗೋಣಿಯೊಳಗಿನ ಉಯ್ಯಾಲೆಯನ್ನು ಅನುಮಾನದಿಂದ ನೋಡಿದಳು.

"ಉಯ್ಯಾಲೆ ಯಾವ ಪಾರ್ಟಿ ಸಾರ್?"

ಆ ಚುನಾವಣೆ ಮುಗಿಯಿತು. ಆಮೇಲೆ ಆಷಾಢ ಬಂತು, ಸಾಹೇಬರು ಆಷಾಢದಲ್ಲಿ ರಿಬ್ಬನ್ ಕತ್ತರಿಸುವುದಿಲ್ಲ. ಆಷಾಢ ಹೋಯಿತು, ಸಾಹೇಬರಿಗೂ ಅವರ ಎದುರು ಬಣದವರಿಗೂ ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಕೆತ್ತಬೇಕು ಎಂದು ಜಗಳ ಬಂತು. ಕಲ್ಲು ಎರಡು ಸಲ ಬದಲಾಯಿತು. ಅಷ್ಟರಲ್ಲಿ ಇನ್ನೊಂದು ಚುನಾವಣೆ. ಮೇಡಂ ಗೌರಿಬಿದನೂರಿನಿಂದ ಫೋನ್ ಮಾಡಿ "ಕೂತ್ಳಾ?" ಅಂತ ಕೇಳುತ್ತಿದ್ದರು. "ಇನ್ನೇನು ಮೇಡಂ" ಅನ್ನುತ್ತಿದ್ದೆ. ಕೆಂಚಾರ್ಲಹಳ್ಳಿಯ ನನ್ನ ಅತ್ತೆ ಮನೆಯ ಬೇವಿನ ಮರಕ್ಕೆ ಹಗ್ಗ ಕಟ್ಟಿ, ಮಣೆ ಸಿಕ್ಕಿಸಿ, ಯಾರ ಅಪ್ಪಣೆಯೂ ಇಲ್ಲದೆ ಮಕ್ಕಳು ಜೀಕುವುದನ್ನು ಕಂಡಾಗ ನನ್ನ ಓದಿನ ಮೇಲೆ ನನಗೇ ಜಿಗುಪ್ಸೆಯಾಗುತ್ತಿತ್ತು.

ಬೀಗ ಬಿದ್ದ ಎರಡನೇ ಮಳೆಗಾಲದಲ್ಲಿ ಹುಡುಗಿಯ ತಮ್ಮ, ಆಗ ತಾನೇ ಓಡಾಡಲು ಕಲಿತವನು, ಶೆಡ್ಡಿನಲ್ಲಿ ಆಡುತ್ತಾ ಬಿಸಿನೀರಿಗೆ ಕಾಲಿಟ್ಟ. ಪಾದ ಸುಟ್ಟಿತು. ಆಸ್ಪತ್ರೆಗೆ ಹೋಗಿ ನೋಡಿ ಬಂದೆ. ತಾಯಿ ನನಗೆ ಕೂರಲು ಸ್ಟೂಲು ಸರಿಸಿದರು. ಅವರು ಬೈದಿದ್ದರೆ ಆವತ್ತು ರಾತ್ರಿ ನನಗೆ ಅನ್ನ ಸೇರುತ್ತಿತ್ತೋ ಏನೋ.

ಈ ಪ್ರಸಂಗಕ್ಕೆ ಕೊನೆಯಲ್ಲಿ ನಗುವಂಥದ್ದೇನೂ ಇಲ್ಲ. ಕಾವಲುಗಾರನಿಗೆ ಮಾತ್ರ ಕೆಲಸ ಚೆನ್ನಾಗಿ ಮಾಡಿದನೆಂದು ಒಂದು ಪ್ರಶಂಸಾ ಪತ್ರ ಕೊಟ್ಟರು.

ಉದ್ಘಾಟನೆ

ಕೊನೆಗೂ ಒಂದು ದಿನ ಉದ್ಘಾಟನೆಯಾಯಿತು. ಶಾಮಿಯಾನ, ಹಾರ, ಮೈಕು ಎಲ್ಲ ಬಂತು. ಸಾಹೇಬರು ರಿಬ್ಬನ್ ಕತ್ತರಿಸಿ, ಮಕ್ಕಳೇ ದೇಶದ ಭವಿಷ್ಯ ಎಂದು ಬಿಸಿಲಲ್ಲಿ ನಿಂತ ಭವಿಷ್ಯಕ್ಕೆ ಬಹಳ ಹೊತ್ತು ಹೇಳಿ ಹೋದರು. ಗೋಣಿ ಬಿಚ್ಚಿದರು. ಸರಪಳಿ ಇದ್ದ ಕಡೆ ತುಕ್ಕು ಹಿಡಿದಿತ್ತು, ಆದರೂ ಉಯ್ಯಾಲೆ ಗಟ್ಟಿಯಾಗಿತ್ತು.

ಹುಡುಗಿ ಬಂದಳು. ಹೈಸ್ಕೂಲ್ ಯೂನಿಫಾರ್ಮು, ನನ್ನ ಭುಜದಷ್ಟು ಎತ್ತರ. ಕಂಕುಳಲ್ಲಿ ತಮ್ಮ. ಮೇಡಂಗೆ ಕಳಿಸಲು ಫೋನು ತೆಗೆದೆ.

"ಹೋಗಮ್ಮ, ಮೊದ್ಲು ನೀನು ಕೂತ್ಕೊ."

ಅವಳು ತಮ್ಮನನ್ನು ನನ್ನ ಕೈಗೆ ಕೊಟ್ಟು, ಸಂಕೋಚದಿಂದ ಸರಪಳಿ ಹಿಡಿದಳು. ಕಾವಲುಗಾರ ಓಡಿ ಬಂದ.

"ಏ ಪಾಪ, ನಿನ್ಗೆಷ್ಟು ವಯಸ್ಸು?"

ಅವಳು ಸುಳ್ಳು ಹೇಳಬಹುದಿತ್ತು. "ಹದಿಮೂರು" ಅಂದಳು.

ಕಾವಲುಗಾರ ಗೇಟಿನ ಪಕ್ಕದ ಫಲಕ ತೋರಿಸಿದ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಲಾರಿಯಲ್ಲಿ ಉಯ್ಯಾಲೆಯ ಜೊತೆಗೇ ಬಂದಿದ್ದ ಫಲಕ ಅದು. ಅದು ಬಂದಾಗ ಅವಳು ಐದನೇ ಕ್ಲಾಸಿನಲ್ಲಿದ್ದಳು.

"ನಾನು ಹೇಳ್ತೀನಿ ಬಿಡಯ್ಯ, ಇವತ್ತೊಂದಿನ" ಅಂದೆ.

ಅವನು ಹಿಂದೆ ಮುಂದೆ ನೋಡಿದ, ಆದರೆ ಹುಡುಗಿ ಆಗಲೇ ಸರಪಳಿ ಬಿಟ್ಟಿದ್ದಳು. ತಮ್ಮನನ್ನು ನನ್ನ ಕೈಯಿಂದ ತೆಗೆದುಕೊಂಡು ಕೂರಿಸಿ, ಅವನ ಸುಟ್ಟ ಕಾಲು ತಾಗದ ಹಾಗೆ ಮೆಲ್ಲಗೆ ತಳ್ಳಿದಳು. ಅವನು ಕೇಕೆ ಹಾಕಿದ. ನಾನು ಆ ಫೋಟೊ ತೆಗೆದೆ, ಮೇಡಂಗೆ ಅದನ್ನೇ ಕಳಿಸಬೇಕಾಯಿತು. ಕ್ಷಮಿಸಮ್ಮ ಅನ್ನಬೇಕೆಂದು ಹತ್ತಿರ ಹೋದೆ. ಅವಳೇ ತಳ್ಳುತ್ತಾ ತಳ್ಳುತ್ತಾ ತಿರುಗದೆ ಕೇಳಿದಳು.

"ಸಾರ್, ವಯಸ್ಸಾದವ್ರು ಕೂರಕ್ಕೆ ಆ ಮೂಲೇಲಿ ಒಂದು ಕಲ್ಲು ಬೆಂಚು ಹಾಕಿಸ್ತೀರಾ?"

"ಆಗ್ಲಮ್ಮ, ಖಂಡಿತ. ಯಾರಿಗೆ, ನಿಮ್ಮಜ್ಜಿಗಾ?"

"ಇಲ್ಲ ಸಾರ್, ನನಗೆ" ಅಂದಳು. "ಈಗ್ಲೇ ಹೇಳಿಟ್ರೆ ಸರಿಹೋಗುತ್ತೆ."